ಹೊಸ ಅಧ್ಯಾಪಕಿಯ ಮೊದಲ ಸೆಮಿಸ್ಟರ್: ಫಾರ್ಮಸಿ ಕಾಲೇಜೊಂದರ ಪ್ರಕರಣ ಅಧ್ಯಯನ

ಫಾರ್ಮಸಿ ಕಾಲೇಜೊಂದರ ಫಾರ್ಮಾಸ್ಯೂಟಿಕ್ಸ್ (ಔಷಧವನ್ನು ಮಾತ್ರೆ, ದ್ರಾವಣ ಮುಂತಾದ ರೂಪಕ್ಕೆ ತರುವ ಶಾಸ್ತ್ರ) ವಿಭಾಗಕ್ಕೆ, ಸೆಮಿಸ್ಟರ್ ಆರಂಭವಾಗಲು ಮೂರು ದಿನ ಬಾಕಿಯಿದ್ದಾಗ, ಒಬ್ಬ ಸಹಾಯಕ ಪ್ರಾಧ್ಯಾಪಕಿ ಸೇರಿಕೊಂಡರು. ನ್ಯಾನೋಕಣಗಳಿಂದ ಔಷಧ ಬಿಡುಗಡೆಯಾಗುವ ಬಗೆಯ ಮೇಲೆ ಪಿಎಚ್.ಡಿ. ಮಾಡಿದ್ದ ಅವರು ಅನಂತರ ಔಷಧ ಕಂಪನಿಯೊಂದರ ಫಾರ್ಮುಲೇಷನ್ ಪ್ರಯೋಗಾಲಯದಲ್ಲಿ ಮೂರು ವರ್ಷ ಕೆಲಸ ಮಾಡಿದ್ದರು. ಮಾತ್ರೆಯನ್ನು ಒತ್ತುವಾಗ ಅದರ ಮೇಲ್ಪದರ ಏಕೆ ಕಳಚಿಕೊಳ್ಳುತ್ತದೆ ಎಂದು ಸಂದರ್ಶನದಲ್ಲಿ ಕೇಳಿದಾಗ, ಅವರು ಪುಸ್ತಕದ ಕಾರಣಗಳನ್ನು ಪಟ್ಟಿ ಮಾಡಲಿಲ್ಲ; ತಾವೇ ಎದುರಿಸಿದ ಒಂದು ಬ್ಯಾಚಿನ ಕಥೆ ಹೇಳಿ, ಗ್ರಾನ್ಯೂಲ್‌ಗಳ (ಮಾತ್ರೆಯಾಗಿ ಒತ್ತುವ ಸಣ್ಣ ಹರಳುಗಳ) ತೇವಾಂಶದಿಂದ ಹಿಡಿದು ಯಂತ್ರದ ವೇಗದವರೆಗೆ ಒಂದೊಂದು ಕಾರಣವನ್ನೂ ಹೇಗೆ ಪರೀಕ್ಷಿಸಿ ಬದಿಗಿಡುತ್ತ ಹೋದೆವೆಂದು ವಿವರಿಸಿದ್ದರು. ಅಂಥವರು ಸಿಕ್ಕಿದ್ದು ವಿಭಾಗದ ಭಾಗ್ಯವೆಂದೇ ನಾವೆಲ್ಲ ಭಾವಿಸಿದೆವು. ಆರನೆಯ ವಾರ, ಮೊದಲ ಆಂತರಿಕ ಪರೀಕ್ಷೆಯ ಅಂಕಗಳು ಹೊರಬಿದ್ದ ಮರುದಿನ, ತರಗತಿಯ ಇಬ್ಬರು ಪ್ರತಿನಿಧಿಗಳು ವಿಭಾಗ ಮುಖ್ಯಸ್ಥರ ಬಾಗಿಲಲ್ಲಿ ನಿಂತಿದ್ದರು. ದೂರು ಒಂದೇ ವಾಕ್ಯದ್ದಾಗಿತ್ತು: "ಮೇಡಂಗೆ ತುಂಬಾ ಗೊತ್ತಿದೆ ಸರ್, ಆದರೆ ನಮ್ಮ ತಲೆಗೆ ಏನೂ ಹೋಗ್ತಿಲ್ಲ."

ಆ ಆರು ವಾರಗಳಲ್ಲಿ ಆದದ್ದೇನು, ಅನಂತರದ ಹತ್ತು ವಾರಗಳಲ್ಲಿ ವಿಭಾಗ ಏನು ಮಾಡಿತು, ಅದರಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದರ ದಾಖಲೆಯಿದು. ನಾನು ಅದೇ ವಿಭಾಗದ ಹಿರಿಯ ಅಧ್ಯಾಪಕ; ದೂರು ಬಂದ ಮೇಲೆ ಅವರಿಗೆ ಮಾರ್ಗದರ್ಶಕನಾಗಿ ನೇಮಕಗೊಂಡವನು. ಆದ್ದರಿಂದ ಕೆಳಗೆ ಬರುವ ತಪ್ಪುಗಳಲ್ಲಿ ಕೆಲವು ನನ್ನವೇ. ವ್ಯಕ್ತಿಗಳ ಮತ್ತು ಸಂಸ್ಥೆಯ ಹೆಸರುಗಳನ್ನು ಇಲ್ಲಿ ಬಳಸಿಲ್ಲ.

ಎರಡು ದಿನದ ಪರಿಚಯ, ಒಂದು ದಪ್ಪ ಕಡತ

ಹೊಸಬರಿಗೆಂದು ಕಾಲೇಜು ನಡೆಸುತ್ತಿದ್ದ ಪರಿಚಯ ಕಾರ್ಯಕ್ರಮ ಎರಡು ದಿನಗಳದು. ಮೊದಲ ದಿನ ಪ್ರಾಂಶುಪಾಲರ ಸ್ವಾಗತ, ಸೇವಾ ನಿಯಮಗಳು, ರಜೆಯ ಬಗೆಗಳು, ಹಾಜರಾತಿ ದಾಖಲಿಸುವ ತಂತ್ರಾಂಶ, ಗ್ರಂಥಾಲಯ ಹಾಗೂ ಆನ್‌ಲೈನ್ ನಿಯತಕಾಲಿಕಗಳ ಪರಿಚಯ. ಎರಡನೆಯ ದಿನ ಪ್ರಯೋಗಾಲಯದ ಸುರಕ್ಷತೆ, ರಾಸಾಯನಿಕಗಳ ಸಂಗ್ರಹ, ತ್ಯಾಜ್ಯ ವಿಲೇವಾರಿ, ಸಂಶೋಧನಾ ನೀತಿ, ಕೃತಿಚೌರ್ಯ ತಡೆ, ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ. ಇವುಗಳಲ್ಲಿ ಬೇಡವೆನ್ನುವಂಥದ್ದು ಯಾವುದೂ ಇಲ್ಲ. ದಹನಶೀಲ ದ್ರಾವಕಗಳನ್ನು ಎಲ್ಲಿಡಬೇಕೆಂದು ತಿಳಿಯದವರನ್ನು ಪ್ರಯೋಗಾಲಯಕ್ಕೆ ಬಿಡಬಾರದು ಎಂಬುದು ನಿರ್ವಿವಾದ. ಆದರೆ ಆ ಎರಡು ದಿನಗಳಲ್ಲಿ ಬೋಧನೆಯ ಪ್ರಸ್ತಾಪ ಬಂದದ್ದು ಒಂದೇ ಕಡೆ, ಅದೂ ಟೈಮ್‌ಟೇಬಲ್ ಹಂಚಿದಾಗ. ಹೊಸಬರ ಪಾಲಿಗೆ ಬಂದದ್ದು ಎರಡು ಥಿಯರಿ ವಿಷಯಗಳು ಮತ್ತು ಮೂರು ಪ್ರಾಯೋಗಿಕ ಬ್ಯಾಚುಗಳು. ವಿಭಾಗದಲ್ಲಿ ಹತ್ತು ವರ್ಷ ಕಳೆದವರ ಹೊರೆಯೂ ಅಷ್ಟೇ ಇತ್ತು. ವ್ಯತ್ಯಾಸವೆಂದರೆ ಹಳಬರ ಬಳಿ ಟಿಪ್ಪಣಿಗಳು ಸಿದ್ಧವಿದ್ದವು, ಹೊಸಬರ ಬಳಿ ಏನೂ ಇರಲಿಲ್ಲ.

ಎರಡನೆಯ ದಿನ ಸಂಜೆ ಎಲ್ಲರೂ ಅಭಿಪ್ರಾಯ ಪತ್ರ ತುಂಬಿದರು. ಆ ಪತ್ರವನ್ನು ನಾನು ಆಮೇಲೆ ಹುಡುಕಿ ತೆಗೆಸಿ ನೋಡಿದೆ. ನಮ್ಮ ಅಧ್ಯಾಪಕಿ ಎಲ್ಲ ಪ್ರಶ್ನೆಗಳಿಗೂ 'ಅತ್ಯುತ್ತಮ' ಎಂದು ಗುರುತು ಹಾಕಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಕಾರ್ಯಕ್ರಮ ನಿಜಕ್ಕೂ ಅಚ್ಚುಕಟ್ಟಾಗಿತ್ತು. ತರಬೇತಿಯೊಂದರ ಫಲವನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆಯ ಬದಲಾವಣೆ, ಅಂತಿಮ ಪರಿಣಾಮ ಎಂಬ ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ತರಬೇತಿ ಮೌಲ್ಯಮಾಪನದ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದ್ದರು. ನಮ್ಮ ಪತ್ರ ಮೊದಲ ಹಂತದಲ್ಲೇ ನಿಂತಿತ್ತು. ಹೊಸಬರು ತರಗತಿಯಲ್ಲಿ ಏನು ಮಾಡುತ್ತಿದ್ದಾರೆ ಎಂಬ ಮೂರನೆಯ ಹಂತದ ಪ್ರಶ್ನೆಯನ್ನು ಕೊನೆಗೆ ಕೇಳಿದವರು ವಿದ್ಯಾರ್ಥಿಗಳು, ಅದೂ ದೂರಿನ ರೂಪದಲ್ಲಿ.

ಹಲಗೆಯ ಮೇಲಿನ ಒಂದು ಸೂತ್ರ

ದೂರು ಬಂದ ವಾರವೇ ನಾನು ಅವರ ಫಾರ್ಮಾಕೋಕೈನೆಟಿಕ್ಸ್ (ದೇಹದೊಳಗೆ ಔಷಧ ಹರಡಿ ಹೊರಹೋಗುವ ಬಗೆಯ ಶಾಸ್ತ್ರ) ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತೆ. ಐವತ್ತು ನಿಮಿಷದ ಪಾಠಕ್ಕೆ ಎಪ್ಪತ್ನಾಲ್ಕು ಸ್ಲೈಡ್‌ಗಳು ಸಿದ್ಧವಾಗಿದ್ದವು. ಒಂದೂ ಕಳಪೆಯಾಗಿರಲಿಲ್ಲ, ರಾತ್ರಿಯಿಡೀ ಕುಳಿತು ಮಾಡಿದವು ಎಂಬುದು ನೋಡಿದರೆ ತಿಳಿಯುವಂತಿತ್ತು. ಪಾಠ ಓಡುತ್ತಿತ್ತು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಬರೆದುಕೊಳ್ಳಲಾಗದವರು ಫೋಟೋ ತೆಗೆದುಕೊಳ್ಳುತ್ತಿದ್ದರು. ಹೊಸ ಅಧ್ಯಾಪಕರನ್ನು ವರ್ಷಗಟ್ಟಲೆ ಗಮನಿಸಿದ ಮನೋವಿಜ್ಞಾನಿ ರಾಬರ್ಟ್ ಬಾಯ್ಸ್, ಅವರಲ್ಲಿ ಬಹುಪಾಲು ಜನ ಅತಿಯಾಗಿ ಸಿದ್ಧತೆ ಮಾಡಿಕೊಂಡು, ಅತಿಯಾದ ವಿಷಯವನ್ನು ಅತಿ ವೇಗದಲ್ಲಿ ಹೇಳುತ್ತಾರೆಂದು 1990ರ ದಶಕದ ಆರಂಭದಲ್ಲಿ ಬರೆದಿದ್ದರು. ಇದರ ಮೂಲದಲ್ಲಿ ಸೋಮಾರಿತನವಿರುವುದಿಲ್ಲ, ಭಯವಿರುತ್ತದೆ. ಗೊತ್ತಿಲ್ಲದ ಪ್ರಶ್ನೆಯೊಂದು ಎದ್ದು ಬಂದೀತೆಂಬ ಅಳುಕಿಗೆ ಸ್ಲೈಡ್‌ಗಳ ರಾಶಿಯೇ ಗೋಡೆಯಾಗುತ್ತದೆ.

ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಅವರು ಹಲಗೆಯ ಬಳಿ ಹೋಗಿ, ಪರೀಕ್ಷೆಗೆ ಮೊದಲೂ ಕಲಿಸಿದ್ದ ಒಂದು ಸೂತ್ರವನ್ನು ಮತ್ತೆ ಬರೆದರು: ಕ್ಲಿಯರೆನ್ಸ್ = ನಿರ್ಮೂಲನ ಸ್ಥಿರಾಂಕ × ವಿತರಣಾ ಗಾತ್ರ. ಕ್ಲಿಯರೆನ್ಸ್ ಎಂದರೆ ಗಂಟೆಗೆ ಎಷ್ಟು ಲೀಟರ್ ರಕ್ತ ಔಷಧದಿಂದ ಮುಕ್ತವಾಗುತ್ತದೆ ಎಂಬುದು; ಸ್ಥಿರಾಂಕ, ದೇಹದಲ್ಲಿರುವ ಔಷಧ ಹೊರಹೋಗುವ ದರ; ವಿತರಣಾ ಗಾತ್ರ, ಔಷಧ ಎಷ್ಟು ಲೀಟರಿನಲ್ಲಿ ಹರಡಿದಂತೆ ಕಾಣುತ್ತದೆ ಎಂಬುದು. ಸ್ಥಿರಾಂಕ ಗಂಟೆಗೆ 0.1, ಗಾತ್ರ 40 ಲೀಟರ್. ಆದ್ದರಿಂದ ಕ್ಲಿಯರೆನ್ಸ್ ಗಂಟೆಗೆ 4 ಲೀಟರ್. ಅರ್ಧಾಯು, ಅಂದರೆ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, 0.693ನ್ನು 0.1ರಿಂದ ಭಾಗಿಸಿದರೆ 6.93 ಗಂಟೆ. "ಅರ್ಥವಾಯಿತೇ?" ಎಂದು ಕೇಳಿದರು. ತಲೆಗಳು ಅಲ್ಲಾಡಿದವು. ಮುಂದಿನ ಸ್ಲೈಡ್ ಬಂತು.

ಸೂತ್ರದಲ್ಲಿ ತಪ್ಪಿಲ್ಲ, ಲೆಕ್ಕದಲ್ಲೂ ತಪ್ಪಿಲ್ಲ. ಆದರೆ ಆಂತರಿಕ ಪರೀಕ್ಷೆಯಲ್ಲಿ ಅವರೇ ಕೇಳಿದ್ದ ಪ್ರಶ್ನೆಯೊಂದನ್ನು ನೋಡಬೇಕು. ಯಕೃತ್ತು ಮತ್ತು ಮೂತ್ರಪಿಂಡಗಳ ಕಾರ್ಯ ಮೊದಲಿನಂತೆಯೇ ಇದ್ದು, ರೋಗಿಯೊಬ್ಬನಲ್ಲಿ ಔಷಧದ ವಿತರಣಾ ಗಾತ್ರ ಮಾತ್ರ 40ರಿಂದ 80 ಲೀಟರಿಗೆ ಏರಿದರೆ ಕ್ಲಿಯರೆನ್ಸ್ ಎಷ್ಟಾಗುತ್ತದೆ? ತರಗತಿಯ ಬಹುಪಾಲು ಉತ್ತರಪತ್ರಿಕೆಗಳಲ್ಲಿ 'ಗಂಟೆಗೆ 8 ಲೀಟರ್' ಎಂದಿತ್ತು. ವಿದ್ಯಾರ್ಥಿಗಳು ಉಡಾಫೆ ಮಾಡಿರಲಿಲ್ಲ. ಹಲಗೆಯ ಮೇಲೆ ಕಂಡ ಸೂತ್ರಕ್ಕೆ ನಿಷ್ಠರಾಗಿ 0.1ನ್ನು 80ರಿಂದ ಗುಣಿಸಿದ್ದರು. ಸರಿಯುತ್ತರ ಗಂಟೆಗೆ 4 ಲೀಟರ್. ಕ್ಲಿಯರೆನ್ಸ್ ಎಷ್ಟೆಂದು ನಿರ್ಧರಿಸುವುದು ಅಂಗಗಳ ಸಾಮರ್ಥ್ಯ ಮತ್ತು ಅವುಗಳಿಗೆ ಹರಿಯುವ ರಕ್ತ. ವಿತರಣಾ ಗಾತ್ರವನ್ನು ನಿರ್ಧರಿಸುವುದು ಔಷಧ ರಕ್ತದಲ್ಲಿ ಎಷ್ಟು ಉಳಿಯುತ್ತದೆ, ಅಂಗಾಂಶಗಳಿಗೆ ಎಷ್ಟು ಹೋಗುತ್ತದೆ ಎಂಬುದು. ನಿರ್ಮೂಲನ ಸ್ಥಿರಾಂಕ ಮತ್ತು ಅರ್ಧಾಯು ಇವೆರಡರ ಪರಿಣಾಮಗಳು ಮಾತ್ರ. ಗಾತ್ರ ಎರಡರಷ್ಟಾದಾಗ ಬದಲಾಗುವುದು ಸ್ಥಿರಾಂಕ: ಅದು 0.05ಕ್ಕೆ ಇಳಿಯುತ್ತದೆ, ಅರ್ಧಾಯು 13.86 ಗಂಟೆಗೆ ಏರುತ್ತದೆ. ಅದೇ ಸೂತ್ರವನ್ನು ತಿರುಗಿಸಿ, ಅರ್ಧಾಯುವನ್ನು ಎಡಗಡೆಗೆ ಇಟ್ಟು, '0.693 × ಗಾತ್ರ ÷ ಕ್ಲಿಯರೆನ್ಸ್' ಎಂದು ಬಲಗಡೆ ಬರೆದಿದ್ದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಹಲಗೆಯ ಮೇಲೆಯೇ ಕಾಣುತ್ತಿತ್ತು.

ತರಗತಿ ಮುಗಿದ ಮೇಲೆ ಇದನ್ನು ಅವರ ಮುಂದಿಟ್ಟೆ. "ಅದು ಗೊತ್ತಿರುವ ವಿಷಯವೇ ಅಲ್ಲವೇ ಸರ್?" ಎಂದರು. ಅವರಿಗೆ ಗೊತ್ತಿತ್ತು, ನಿಜ. ವಿದ್ಯಾರ್ಥಿಗಳಿಗೆ ಅದು ಗೊತ್ತಿರುವುದಿಲ್ಲ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹದಿನೈದು ವರ್ಷಗಳಿಂದ ಪ್ರತಿ ಬ್ಯಾಚೂ ಅದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ, ಹಾಗಾಗಿ ಆ ಪಾಠಕ್ಕೆ ಹೋಗುವಾಗ ಆ ಸೂತ್ರವನ್ನು ತಿರುಗಿಸಿಯೇ ಬರೆಯುತ್ತೇನೆ. ಆದರೆ ಆ ತಿಳಿವಳಿಕೆ ನನ್ನ ತಲೆಯಲ್ಲೇ ಉಳಿದಿತ್ತು. ಹೊಸಬರಿಗೆ ಕೊಟ್ಟ ದಪ್ಪ ಕಡತದ ಯಾವ ಪುಟದಲ್ಲೂ ಇರಲಿಲ್ಲ. ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ, ವಿಷಯ ಜ್ಞಾನ ಬೇರೆ, ಬೋಧನಾ ವಿಧಾನಗಳ ಸಾಮಾನ್ಯ ಜ್ಞಾನ ಬೇರೆ, ಇವೆರಡರ ನಡುವೆ ಒಂದು ವಿಷಯವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವ ಮೂರನೆಯದೊಂದು ಜ್ಞಾನವಿದೆ ಎಂದು ವಾದಿಸಿದರು. ಕಲಿಯುವವರು ಯಾವ ತಪ್ಪು ಗ್ರಹಿಕೆಗಳನ್ನು ಹೊತ್ತು ಬರುತ್ತಾರೆ ಎಂಬ ಅರಿವು ಅದರ ಮುಖ್ಯ ಭಾಗ. ನಮ್ಮ ಕಾಲೇಜು ಮೊದಲನೆಯದನ್ನು ನೋಡಿ ನೇಮಕ ಮಾಡಿಕೊಂಡಿತ್ತು, ಮೂರನೆಯದು ತಾನಾಗಿಯೇ ಬರುತ್ತದೆಂದು ಕಾಯುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಬೇರು ಇದು.

ನಮ್ಮ ಮೊದಲ ಎರಡು ತಪ್ಪು ಹೆಜ್ಜೆಗಳು

ಕಾರಣ ಕಂಡಿತು ಎಂದ ಮಾತ್ರಕ್ಕೆ ಮದ್ದು ಸಿಕ್ಕಿತೆಂದಲ್ಲ. ವಿಭಾಗ ಮೊದಲು ಮಾಡಿದ್ದು ಅವರನ್ನು ಎರಡು ದಿನದ ಬೋಧನಾ ಕಾರ್ಯಾಗಾರಕ್ಕೆ ಕಳಿಸಿದ್ದು. ಅಲ್ಲಿಂದ ಅವರು ಉತ್ಸಾಹದಿಂದಲೇ ಬಂದರು. ಮರುವಾರ ಅರವತ್ತು ವಿದ್ಯಾರ್ಥಿಗಳ ತರಗತಿಯನ್ನು ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೆ ಒಂದು ಹಾಳೆ ಕೊಟ್ಟು, ಚರ್ಚೆ ನಡೆಸಿ ಮಂಡಿಸಲು ಹೇಳಿದರು. ಸ್ಥಿರ ಕುರ್ಚಿಗಳಿರುವ ಸಭಾಂಗಣದಲ್ಲಿ ಗುಂಪು ಕೂಡುವುದಕ್ಕೇ ಹತ್ತು ನಿಮಿಷ ಹಿಡಿಯಿತು, ಮೂರು ಗುಂಪುಗಳು ಮಂಡಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಕಾರ್ಯಾಗಾರದಲ್ಲಿ ಕಲಿಸಿದ ವಿಧಾನದಲ್ಲಿ ದೋಷವಿರಲಿಲ್ಲ. ಅದು ಯಾವ ಪಾಠಕ್ಕೂ ಸೇರದ, ಎಲ್ಲ ಪಾಠಗಳಿಗೂ ಹೊಂದಬೇಕಾದ ಮಾತಾಗಿತ್ತು. ಕ್ಲಿಯರೆನ್ಸ್ ಪಾಠದಲ್ಲಿ ಎಲ್ಲಿ ನಿಲ್ಲಬೇಕು ಎಂದು ಅದು ಹೇಳುವಂತಿರಲಿಲ್ಲ.

ಎರಡನೆಯ ತಪ್ಪು ನನ್ನ ನೇಮಕವೇ. ಮಾರ್ಗದರ್ಶಕನಾದ ನಾನು, ಅವರ ಪರೀಕ್ಷಾರ್ಥ ಸೇವೆಯ ಅವಧಿ ಮುಗಿದಾಗ ಸೇವೆಯನ್ನು ಖಾಯಂಗೊಳಿಸುವ ಸಮಿತಿಯ ಸದಸ್ಯನೂ ಆಗಿದ್ದೆ. ಇದರ ಅರ್ಥ ನನಗೆ ತಡವಾಗಿ ಹೊಳೆಯಿತು. ಎರಡನೆಯ ಬಾರಿ ತರಗತಿಗೆ ಬರುತ್ತೇನೆಂದು ಹೇಳಿದ ದಿನ ಅವರು ಮಾಡಿದ ಪಾಠ ನಿರ್ದುಷ್ಟವಾಗಿತ್ತು, ಅಷ್ಟೇ ನಿರ್ಜೀವವಾಗಿತ್ತು. ಮೊದಲೇ ತಾಲೀಮು ಮಾಡಿದ ಪಾಠವೆಂದು ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಉತ್ತರ ಹೇಳಿದ ವೇಗದಲ್ಲೇ ಗೊತ್ತಾಯಿತು. "ಯಾವುದರಲ್ಲಿ ನಿಮಗೆ ಕಷ್ಟವಾಗುತ್ತಿದೆ?" ಎಂದು ಕೇಳಿದರೆ, "ಈಗ ಎಲ್ಲ ಸರಿಯಾಗಿದೆ ಸರ್" ಎಂಬ ಉತ್ತರ. ತನ್ನ ಕೆಲಸದ ಭವಿಷ್ಯವನ್ನು ಬರೆಯುವವನ ಮುಂದೆ ತನಗೆ ಬಾರದ್ದನ್ನು ಬಿಚ್ಚಿಡುವಷ್ಟು ಮುಗ್ಧರು ಯಾರೂ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ನೆರವಾಗುವವರು ಮತ್ತು ತೀರ್ಪು ಕೊಡುವವರು ಒಬ್ಬರೇ ಆಗಿರಬಾರದು ಎಂದು ವಿಭಾಗ ಮುಖ್ಯಸ್ಥರಿಗೆ ಬರೆದುಕೊಟ್ಟು ನಾನು ಹಿಂದೆ ಸರಿದೆ. ಫಾರ್ಮಾಕಾಲಜಿ ವಿಭಾಗದ ಸಹೋದ್ಯೋಗಿಯೊಬ್ಬರು, ಯಾವ ಸಮಿತಿಯಲ್ಲೂ ಇಲ್ಲದವರು, ಆ ಜಾಗಕ್ಕೆ ಬಂದರು. ನಾನು ಪ್ರಶ್ನೆಪತ್ರಿಕೆ ಮತ್ತು ಪ್ರಯೋಗಾಲಯದ ಕೆಲಸಕ್ಕೆ ಮಾತ್ರ ಉಳಿದೆ.

ಹತ್ತು ವಾರ

ಮೊದಲು ಬೇಕಾಗಿದ್ದದ್ದು ಬಿಡುವು. ಒಂದು ಪ್ರಾಯೋಗಿಕ ಬ್ಯಾಚನ್ನು ಅವರಿಂದ ತೆಗೆದು ನಾವು ಇಬ್ಬರು ಹಂಚಿಕೊಂಡೆವು. ಆ ಸಮಯದಲ್ಲಿ ಅವರು ವಾರಕ್ಕೊಮ್ಮೆ ಬೇರೊಬ್ಬರ ತರಗತಿಯಲ್ಲಿ ಕುಳಿತುಕೊಳ್ಳಬೇಕು ಎಂಬುದಷ್ಟೇ ಷರತ್ತು. ಇದನ್ನು ಒಪ್ಪಿಸುವುದು ಇಡೀ ಕಾರ್ಯಕ್ರಮದಲ್ಲಿ ಅತಿ ಕಷ್ಟದ ಕೆಲಸವಾಗಿತ್ತು, ಏಕೆಂದರೆ ಟೈಮ್‌ಟೇಬಲಿನಲ್ಲಿ 'ಕಲಿಯುವುದು' ಎಂಬ ಹೆಸರಿನ ಪೀರಿಯಡ್ ಅಧ್ಯಾಪಕರಿಗೆ ಇರುವುದಿಲ್ಲ.

ಹೊಸ ಮಾರ್ಗದರ್ಶಕಿ ತರಗತಿ ವೀಕ್ಷಣೆಯ ಕ್ರಮವನ್ನೇ ಬದಲಿಸಿದರು. ಪಾಠಕ್ಕೆ ಮುನ್ನ ಹತ್ತು ನಿಮಿಷ ಕುಳಿತು, ಇಂದು ಯಾವ ಒಂದು ಸಂಗತಿಯನ್ನು ಗಮನಿಸಬೇಕೆಂದು ಅಧ್ಯಾಪಕಿಯೇ ಹೇಳಬೇಕು. ವೀಕ್ಷಕರು ಅಭಿಪ್ರಾಯ ಬರೆಯುವಂತಿಲ್ಲ, ನಡೆದದ್ದನ್ನು ಮಾತ್ರ ಗಡಿಯಾರದ ಹೊತ್ತಿನೊಡನೆ ಬರೆಯಬೇಕು. ಅದೇ ದಿನ ಮಾತುಕತೆ, ಮೊದಲ ಮಾತು ಅಧ್ಯಾಪಕಿಯದು. ಮೊದಲ ಹಾಳೆಯ ನಡುವಿನ ನಾಲ್ಕು ಸಾಲುಗಳು ಹೀಗಿದ್ದವು:

10.12: ಪ್ರಶ್ನೆ ಕೇಳಿದರು. ಕಾದದ್ದು 1 ಸೆಕೆಂಡ್. ಉತ್ತರ ತಾವೇ ಹೇಳಿದರು.
10.15: ಪ್ರಶ್ನೆ. 1 ಸೆಕೆಂಡ್. ಉತ್ತರ ತಾವೇ.
10.21: "ಅರ್ಥವಾಯಿತೇ?" ಮೂವರು ತಲೆಯಾಡಿಸಿದರು.
10.24: ಪ್ರಶ್ನೆ. 2 ಸೆಕೆಂಡ್. ಮೂಲೆಯ ಹುಡುಗ ಬಾಯಿ ತೆರೆದ, ಅಷ್ಟರಲ್ಲಿ ಉತ್ತರ ಬಂತು.

ಅಧ್ಯಾಪಕಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರಂತೆ. ತಾನು ಪ್ರಶ್ನೆ ಕೇಳುತ್ತಲೇ ಇದ್ದೇನೆ, ವಿದ್ಯಾರ್ಥಿಗಳೇ ಬಾಯಿ ಬಿಡುವುದಿಲ್ಲ ಎಂದು ಅವರು ನಂಬಿದ್ದರು. ಪ್ರಶ್ನೆ ಕೇಳಿದ ನಂತರ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಂದಿ ಮಾತಾಡುತ್ತಾರೆ ಎಂದು ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಆದರೆ ಆ ಸಂಶೋಧನೆಯನ್ನು ಓದಿ ಹೇಳಿದ್ದರೆ ಆಗದಿದ್ದ ಕೆಲಸವನ್ನು ಮೂಲೆಯ ಹುಡುಗನ ತೆರೆದ ಬಾಯಿ ಮಾಡಿತು. ಮುಂದಿನ ವಾರ ಸ್ಲೈಡ್‌ಗಳು ಮೂವತ್ತಕ್ಕೆ ಇಳಿದವು. ಯಾರೂ ಇಳಿಸಿ ಎಂದಿರಲಿಲ್ಲ. ಕಾಯಲು ಸಮಯ ಬೇಕಾದಾಗ ಸ್ಲೈಡ್‌ಗಳು ತಾವಾಗಿ ಕಡಿಮೆಯಾದವು.

ಪ್ರಶ್ನೆಪತ್ರಿಕೆಯ ವಿಷಯದಲ್ಲಿ ಬೇರೊಂದು ಪಾಠ ಕಾದಿತ್ತು. ಫಾರ್ಮಸಿ ಲೆಕ್ಕಾಚಾರದ ಕಿರುಪರೀಕ್ಷೆಯಲ್ಲಿ ಅವರು ಹೀಗೆ ಕೇಳಿದ್ದರು: ಶೇ. 95ರ ಆಲ್ಕೊಹಾಲಿನಿಂದ ಶೇ. 70ರ 500 ಮಿ.ಲೀ. ಆಲ್ಕೊಹಾಲ್ ತಯಾರಿಸಲು ಎಷ್ಟು ಮಿ.ಲೀ. ನೀರು ಸೇರಿಸಬೇಕು? ಉತ್ತರ ಸೂಚಿಯಲ್ಲಿ 131.6 ಎಂದಿತ್ತು. ಬೇಕಾದ ಶುದ್ಧ ಆಲ್ಕೊಹಾಲ್ 350 ಮಿ.ಲೀ., ಅದಕ್ಕೆ ಶೇ. 95ರ ದ್ರಾವಣ 368.4 ಮಿ.ಲೀ., ಉಳಿದದ್ದು ನೀರು ಎಂಬ ಕಳೆಯುವ ಲೆಕ್ಕ. ಆದರೆ ಆಲ್ಕೊಹಾಲ್ ಮತ್ತು ನೀರು ಬೆರೆತಾಗ ಒಟ್ಟು ಗಾತ್ರ ಕುಗ್ಗುತ್ತದೆ. 131.6 ಮಿ.ಲೀ. ನೀರು ಹಾಕಿದರೆ 500 ಮಿ.ಲೀ. ಆಗುವುದಿಲ್ಲ, ಇನ್ನೂ ನೀರು ಬೇಕಾಗುತ್ತದೆ. ಅದಕ್ಕಾಗಿಯೇ '500 ಮಿ.ಲೀ. ಆಗುವಷ್ಟು ನೀರು' ಎಂದು ಬರೆಯುವ ರೂಢಿಯಿದೆ. ಪ್ರಾಯೋಗಿಕ ತರಗತಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದ ವಿದ್ಯಾರ್ಥಿನಿಯೊಬ್ಬಳು ಉತ್ತರದ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ "ಹೇಳಲು ಬರುವುದಿಲ್ಲ, ಗಾತ್ರ ಕುಗ್ಗುತ್ತದೆ" ಎಂದು ಬರೆದು ಸೊನ್ನೆ ಪಡೆದಿದ್ದಳು. ತರಗತಿಯಲ್ಲಿ ಅತಿ ಸರಿಯಾದ ಉತ್ತರ ಅದೇ.

ಕಂಪನಿಯಲ್ಲಿದ್ದಾಗ ದ್ರಾವಣಗಳನ್ನು ತೂಕದಲ್ಲೇ ಅಳೆದು ಬೆರೆಸುತ್ತಿದ್ದ ಆ ಅಧ್ಯಾಪಕಿಗೆ ಈ ಕುಗ್ಗುವಿಕೆ ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದು ಬೇರೆ, ನಡುರಾತ್ರಿ ಹತ್ತನೆಯ ಪ್ರಶ್ನೆ ಬರೆಯುವಾಗ ಅದು ನೆನಪಿಗೆ ಬರುವುದು ಬೇರೆ. ಅಂದಿನಿಂದ ವಿಭಾಗದಲ್ಲಿ ಯಾವ ಪ್ರಶ್ನೆಪತ್ರಿಕೆಯೂ, ಹಿರಿಯರದೇ ಆಗಲಿ ಕಿರಿಯರದೇ ಆಗಲಿ, ಇನ್ನೊಬ್ಬರು ಉತ್ತರ ಸೂಚಿ ನೋಡದೆ ಬಿಡಿಸಿದ ಹೊರತು ಮುದ್ರಣಕ್ಕೆ ಹೋಗುವುದಿಲ್ಲ. ಹಿರಿಯರ ಪತ್ರಿಕೆಗಳಲ್ಲಿ ಸಿಕ್ಕ ತಪ್ಪುಗಳು ಕಡಿಮೆಯೇನಲ್ಲ. ಆ ವಿದ್ಯಾರ್ಥಿನಿಗೆ ಪೂರ್ಣ ಅಂಕ ಕೊಟ್ಟು, ಕಾರಣವನ್ನು ತರಗತಿಯ ಮುಂದೆ ಅಧ್ಯಾಪಕಿಯೇ ಹೇಳಿದರು. ಅವರ ಬಗ್ಗೆ ವಿದ್ಯಾರ್ಥಿಗಳ ಮನಸ್ಸು ಬದಲಾದದ್ದು ಯಾವ ಬೋಧನಾ ವಿಧಾನದಿಂದಲೂ ಅಲ್ಲ, ಈ ಐದು ನಿಮಿಷದಿಂದ ಎಂದು ನನ್ನ ಗುಮಾನಿ.

ಪ್ರಯೋಗಾಲಯದಲ್ಲಿ ತೊಂದರೆಯ ಸ್ವರೂಪ ಬೇರೆಯಾಗಿತ್ತು. ಅಲ್ಲಿ ಅವರ ಕೈಚಳಕವೇ ಅಡ್ಡಿಯಾಗುತ್ತಿತ್ತು. ಮಾತ್ರೆಯ ಡಿಸಲ್ಯೂಷನ್ ಪ್ರಯೋಗ, ಅಂದರೆ ಮಾತ್ರೆಯಿಂದ ಔಷಧ ದ್ರವದಲ್ಲಿ ಕರಗುವ ವೇಗವನ್ನು ಅಳೆಯುವ ಪ್ರಯೋಗ, ನಡೆಯುತ್ತಿತ್ತು: ಕಲಕುವ ಪ್ಯಾಡಲ್ ನಿಮಿಷಕ್ಕೆ 50 ಸುತ್ತು, ಪಾತ್ರೆಯಲ್ಲಿ 900 ಮಿ.ಲೀ. ಮಾಧ್ಯಮ, ಉಷ್ಣತೆ 37 ಡಿಗ್ರಿ, ಅರ್ಧ ಡಿಗ್ರಿಗಿಂತ ಹೆಚ್ಚು ಏರಿಳಿಯಬಾರದು. ವಿದ್ಯಾರ್ಥಿಯೊಬ್ಬ 5 ಮಿ.ಲೀ. ಮಾದರಿ ತೆಗೆಯಲು ಪಿಪೆಟ್ಟನ್ನು ಪಾತ್ರೆಯ ತಳಕ್ಕೇ ಇಳಿಸಿದ. ಅಧ್ಯಾಪಕಿ ಎರಡು ಹೆಜ್ಜೆಯಲ್ಲಿ ಬಂದು ಅವನ ಕೈಯಿಂದ ಪಿಪೆಟ್ ತೆಗೆದುಕೊಂಡರು, ದ್ರವದ ಮೇಲ್ಮೈಗೂ ಪ್ಯಾಡಲಿನ ಮೇಲಂಚಿಗೂ ನಡುವೆ, ಪಾತ್ರೆಯ ಗೋಡೆಗೆ ತಾಗದಂತೆ ಹಿಡಿದು ಮಾದರಿ ತೆಗೆದರು, ಅಷ್ಟೇ ಪ್ರಮಾಣದ ಹೊಸ ಮಾಧ್ಯಮ ಸೇರಿಸಿದರು, ಮುಂದಿನ ಮೇಜಿಗೆ ಹೋದರು. ಎಲ್ಲವೂ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು. ನಾನು ಆ ಹುಡುಗನನ್ನು ಕೇಳಿದೆ, "ಮಾದರಿಯನ್ನು ಆ ಎತ್ತರದಿಂದಲೇ ಏಕೆ ತೆಗೆಯಬೇಕಪ್ಪಾ?" ಅವನೆಂದ: "ಮೇಡಂ ಅಲ್ಲಿಂದ ತೆಗೆದರು ಸರ್."

ಮುಂದಿನ ವಾರದಿಂದ ನಾವು ಕೈಕೆಲಸ ಕಲಿಸಲು ಶಸ್ತ್ರವೈದ್ಯ ರಾಡ್ನಿ ಪೇಟನ್ ಅವರ ಹೆಸರಿನಲ್ಲಿ ವೈದ್ಯಕೀಯ ಶಿಕ್ಷಣದಲ್ಲಿ ಬಳಕೆಯಲ್ಲಿರುವ ನಾಲ್ಕು ಹಂತದ ಕ್ರಮವನ್ನು ಅನುಸರಿಸಿದೆವು. ಕಲಿಸುವವರು ಮೊದಲು ಮಾತಿಲ್ಲದೆ ಮಾಡಿ ತೋರಿಸುತ್ತಾರೆ. ಮತ್ತೊಮ್ಮೆ ವಿವರಿಸುತ್ತ ಮಾಡುತ್ತಾರೆ. ಮೂರನೆಯ ಬಾರಿ ಕಲಿಯುವವನು ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾನೆ, ಕೈ ಕಲಿಸುವವರದು. ಕೊನೆಗೆ ಮಾತೂ ಕೈಯೂ ಕಲಿಯುವವನದೇ. ಅಧ್ಯಾಪಕಿಗೆ ಅತಿ ಕಷ್ಟವಾದದ್ದು ಕೊನೆಯ ಹಂತ. ತಪ್ಪು ಕಣ್ಣ ಮುಂದೆ ನಡೆಯುತ್ತಿರುವಾಗ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುವ ಉಪಾಯವನ್ನು ಅವರೇ ಕಂಡುಕೊಂಡರು. ಅಪಾಯವಿರುವ ಕಡೆ ಇದು ಸಲ್ಲದು ಎಂಬುದು ಬೇರೆ ಮಾತು. ಪಿಪೆಟ್ ತಳಕ್ಕೆ ಹೋದರೆ ಹಾಳಾಗುವುದು ಒಂದು ಅಂಕಿ ಮಾತ್ರ.

ಇದೇ ಅವಧಿಯಲ್ಲಿ ಫಾರ್ಮಸಿ ಪ್ರಾಕ್ಟೀಸ್ ವಿಭಾಗಕ್ಕೆ ಬಂದ ಇನ್ನೊಬ್ಬರ ತೊಂದರೆ ಇದಕ್ಕೆ ತದ್ವಿರುದ್ಧವಾಗಿತ್ತೆಂದು ಹೇಳಿ ಮುಂದೆ ಹೋಗುತ್ತೇನೆ. ಆಸ್ಪತ್ರೆಯಿಂದ ಬಂದಿದ್ದ ಅವರು ವಾರ್ಡಿನಲ್ಲಿ ಸಹಜವಾಗಿ ಕಲಿಸುತ್ತಿದ್ದರು, ತರಗತಿಯಲ್ಲಿ ಮಾತ್ರ ಒಂದು ರೋಗಿಯ ಕಥೆಯಿಂದ ಇನ್ನೊಂದಕ್ಕೆ ಜಾರುತ್ತ ಪಠ್ಯಕ್ರಮದ ಅರ್ಧಕ್ಕೇ ನಿಲ್ಲುತ್ತಿದ್ದರು. ರೋಗಿಗಳ ನಡುವಿನ ಬೋಧನೆಗೆ ನೆಹರ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದ ಐದು ಹೆಜ್ಜೆಗಳು, ಅಂದರೆ ವಿದ್ಯಾರ್ಥಿಯಿಂದ ನಿರ್ಧಾರ ಹೇಳಿಸುವುದು, ಆಧಾರ ಕೇಳುವುದು, ಸಾಮಾನ್ಯ ತತ್ತ್ವವೊಂದನ್ನು ಹೇಳುವುದು, ಸರಿಯಾದದ್ದನ್ನು ಗುರುತಿಸುವುದು, ತಪ್ಪನ್ನು ತಿದ್ದುವುದು, ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದೇ ಅಭಿವೃದ್ಧಿ ಕಾರ್ಯಕ್ರಮವನ್ನು ಇಬ್ಬರಿಗೂ ಹೊದಿಸಿದ್ದರೆ ಇಬ್ಬರಿಗೂ ಅದು ಅಳತೆ ತಪ್ಪಿದ ಕೋಟಾಗುತ್ತಿತ್ತು.

ಎಡವುವ ಜಾಗಗಳ ಪುಸ್ತಕ

ಈ ಹತ್ತು ವಾರಗಳ ಪೈಕಿ ಏಳನೆಯದರಲ್ಲಿ ಅಧ್ಯಾಪಕಿ ಒಂದು ಬೇಡಿಕೆಯಿಟ್ಟರು. "ನೀವೆಲ್ಲ ಇಷ್ಟು ವರ್ಷಗಳಲ್ಲಿ ಕಂಡ ಇಂಥ ಜಾಗಗಳನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ ಸರ್?" ಬರೆದಿಟ್ಟಿರಲಿಲ್ಲ. ಆ ಶನಿವಾರ ವಿಭಾಗದ ನಾಲ್ವರು ಕುಳಿತು, ಪಠ್ಯಕ್ರಮವನ್ನು ಮುಂದಿಟ್ಟುಕೊಂಡು, ಪ್ರತಿ ಪಾಠದಲ್ಲಿ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ, ಏಕೆ, ಯಾವ ಉದಾಹರಣೆ ಕೆಲಸ ಮಾಡಿದೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆಯತೊಡಗಿದೆವು. ಶೇಕಡಾ ತೂಕ-ಗಾತ್ರವನ್ನು (100 ಮಿ.ಲೀ.ನಲ್ಲಿ ಎಷ್ಟು ಗ್ರಾಂ) ಶೇಕಡಾ ತೂಕ-ತೂಕವೆಂದು (100 ಗ್ರಾಂನಲ್ಲಿ ಎಷ್ಟು ಗ್ರಾಂ) ಓದುವುದು. ಜೈವಿಕ ಲಭ್ಯತೆಯನ್ನು (ಕೊಟ್ಟ ಔಷಧದಲ್ಲಿ ರಕ್ತಸಂಚಾರಕ್ಕೆ ತಲುಪುವ ಪಾಲು) ಹೀರಿಕೆಯೊಡನೆ ಒಂದೇ ಎಂದು ಎಣಿಸಿ, ಹೀರಿಕೆಯಾದರೂ ಯಕೃತ್ತಿನ ಮೊದಲ ಹಾಯುವಿಕೆಯಲ್ಲೇ ಔಷಧ ನಷ್ಟವಾಗಬಹುದೆಂಬುದನ್ನು ಮರೆಯುವುದು. ಅಪಸ್ಮಾರದ ಔಷಧವಾದ ಫೆನಿಟೊಯಿನ್ ಪಾಠದಲ್ಲಿ, ಡೋಸ್ ಸ್ವಲ್ಪ ಏರಿಸಿದರೆ ರಕ್ತದಲ್ಲಿನ ಮಟ್ಟವೂ ಸ್ವಲ್ಪವೇ ಏರುತ್ತದೆಂದು ನಂಬುವುದು. ಅದನ್ನು ಒಡೆಯುವ ಕಿಣ್ವಗಳು ತಮ್ಮ ಮಿತಿ ಮುಟ್ಟುತ್ತಿರುವಾಗ ಸಣ್ಣ ಏರಿಕೆಯೂ ಮಟ್ಟವನ್ನು ವಿಪರೀತ ಏರಿಸುತ್ತದೆ ಎಂಬುದು ತಲೆಗೆ ಇಳಿಯಲು ಲೆಕ್ಕ ಸಾಲದು, ನಕ್ಷೆ ಬರೆಸಬೇಕು. ಡಿಸಲ್ಯೂಷನ್‌ನಲ್ಲಿ, ಹೊರತೆಗೆದ ಪ್ರತಿ 5 ಮಿ.ಲೀ.ನೊಡನೆ ಹೋದ ಔಷಧವನ್ನು ಮುಂದಿನ ಲೆಕ್ಕಕ್ಕೆ ಸೇರಿಸದಿರುವುದು.

ನಮ್ಮ ನಡುವೆ ಜಗಳಗಳೂ ಆದವು. ಒಬ್ಬರು ಕಠಿಣವೆಂದದ್ದನ್ನು ಇನ್ನೊಬ್ಬರು ತಮ್ಮ ತರಗತಿಯಲ್ಲಿ ಯಾರೂ ತಪ್ಪುವುದಿಲ್ಲ ಎಂದರು. ಹಳೆಯ ಉತ್ತರಪತ್ರಿಕೆಗಳನ್ನು ತೆಗೆಸಿ ನೋಡಿದರೆ ಅವರ ತರಗತಿಯಲ್ಲೂ ತಪ್ಪಿದ್ದರು. ಹೊಸಬರಿಗಾಗಿ ಆರಂಭವಾದ ಕೆಲಸ ಹಳಬರ ನಿದ್ದೆ ಕೆಡಿಸಿತು. ಕ್ಲಿಯರೆನ್ಸ್‌ನ ಪುಟವನ್ನು ಅಧ್ಯಾಪಕಿಯೇ ಬರೆದರು. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಡಯಾಜೆಪಾಮ್‌ನಂಥ ಔಷಧವನ್ನು ಸ್ಥೂಲಕಾಯದ ರೋಗಿಗೆ ಕೊಟ್ಟಾಗ, ವಿತರಣಾ ಗಾತ್ರ ಹೆಚ್ಚಿದ್ದರಿಂದಲೇ ಅರ್ಧಾಯು ಉದ್ದವಾಗುವ ಉದಾಹರಣೆಯನ್ನು ಅವರು ಸೇರಿಸಿದರು. ಅದು ನನ್ನ ಉದಾಹರಣೆಗಿಂತ ಚೆನ್ನಾಗಿದೆ. ಈಗ ನಾನೂ ಅದನ್ನೇ ಬಳಸುತ್ತೇನೆ.

ಸೆಮಿಸ್ಟರಿನ ಕೊನೆಯಲ್ಲಿ

ಎರಡನೆಯ ಆಂತರಿಕ ಪರೀಕ್ಷೆಯಲ್ಲಿ ಕ್ಲಿಯರೆನ್ಸ್ ಕುರಿತ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಿದಾಗ, ಸರಿಯಾಗಿ ಬರೆದವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತ್ತು. ಆದರೆ ಅದನ್ನು ಕಾರ್ಯಕ್ರಮದ ಗೆಲುವೆಂದು ಬರೆಯಲು ನಾನು ಒಪ್ಪಲಿಲ್ಲ. ಪ್ರಶ್ನೆ ಬೇರೆಯಾಗಿತ್ತು, ವಿದ್ಯಾರ್ಥಿಗಳು ಒಮ್ಮೆ ತಪ್ಪಿ ಎಚ್ಚೆತ್ತಿದ್ದರು, ಹೋಲಿಸಿ ನೋಡಲು ಇನ್ನೊಂದು ತರಗತಿಯಿರಲಿಲ್ಲ. ಹೇಳಬಹುದಾದದ್ದು ಇಷ್ಟು: ಪಾಠದ ವೇಗ ಇಳಿದಿತ್ತು, ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಉತ್ತರಿಸುತ್ತಿದ್ದರು, ಪ್ರಶ್ನೆಪತ್ರಿಕೆಯ ಬಗ್ಗೆ ದೂರು ಬರಲಿಲ್ಲ. ಅವರ ಸಂಶೋಧನೆ ಮಾತ್ರ ಆ ಸೆಮಿಸ್ಟರಿನಲ್ಲಿ ಒಂದಿಂಚೂ ಮುಂದೆ ಹೋಗಲಿಲ್ಲ. ಪಿಎಚ್.ಡಿ.ಯ ಕೊನೆಯ ಪ್ರಬಂಧದ ಕರಡು ಅವರ ಮೇಜಿನ ಒಳಗೇ ಉಳಿಯಿತು. ಬೋಧನೆಗೆ ನಾವು ಕೊಟ್ಟ ಗಮನದ ಕಾಲುಭಾಗವನ್ನೂ ಅದಕ್ಕೆ ಕೊಡಲಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಬರೆಯುವುದು, ರಜೆಗಾಗಿ ಕಾಯದಿರುವುದು ಎಂಬ ಬಾಯ್ಸ್ ಅವರ ಸಲಹೆಯನ್ನು ನಾನು ಹೇಳಿದ್ದೆ, ಅಷ್ಟೇ. ಆ ಅರ್ಧ ಗಂಟೆ ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿರಲಿಲ್ಲ.

ಮರುವರ್ಷ ವಿಭಾಗಕ್ಕೆ ಇಬ್ಬರು ಹೊಸಬರು ಬಂದರು. ಇಬ್ಬರಿಗೂ ಒಂದೊಂದು ಬ್ಯಾಚಿನ ಬಿಡುವು ಕೇಳಿದೆವು, ಒಬ್ಬರಿಗೆ ಮಾತ್ರ ಸಿಕ್ಕಿತು. ಪರಿಚಯ ಕಾರ್ಯಕ್ರಮ ಈಗಲೂ ಎರಡು ದಿನದ್ದೇ, ಕಡತ ಈಗಲೂ ಅಷ್ಟೇ ದಪ್ಪ. ಅದರ ಜೊತೆಗೆ ನೋಟುಪುಸ್ತಕವನ್ನೂ ಕೈಗಿಡುತ್ತೇವೆ. ಅದರಲ್ಲಿ ಕ್ಲಿಯರೆನ್ಸ್‌ನ ಪುಟದ ಮೇಲ್ಭಾಗದಲ್ಲಿ ಅಧ್ಯಾಪಕಿಯ ಕೈಬರಹದಲ್ಲಿ "ಅರ್ಧಾಯುವನ್ನು ಎಡಗಡೆ ಬರೆಯಿರಿ, ಆಮೇಲೆ ಹತ್ತು ಎಣಿಸುವವರೆಗೆ ಸುಮ್ಮನಿರಿ" ಎಂದಿದೆ. ಕೆಳಗೆ, ಈ ಬಾರಿ ಬಂದವರಲ್ಲಿ ಒಬ್ಬರು ಪೆನ್ಸಿಲಿನಲ್ಲಿ ಸೇರಿಸಿದ್ದಾರೆ: "ಬರೆದೆ, ಸುಮ್ಮನಿದ್ದೆ. ಆದರೂ ಹಿಂದಿನ ಸಾಲಿನ ನಾಲ್ವರು 8 ಎಂದೇ ಬರೆದರು. ಏಕೆಂದು ನಾಳೆ ಕೇಳಬೇಕು."